ಟ್ರ್ಯಾಕ್‌ಪ್ಯಾಡ್ ಬಟನ್ ಬಿಗಿಯಾಗಿದೆಯೇ? ಜೋರಾಗಿ ಒತ್ತಬೇಡಿ, ಮೊದಲು ಬ್ಯಾಟರಿ ನೋಡಿ

ನನ್ನ ತಂಗಿಯ ಲ್ಯಾಪ್‌ಟಾಪ್‌ನ ಟ್ರ್ಯಾಕ್‌ಪ್ಯಾಡ್ ಬಟನ್ ಕೆಟ್ಟಿದೆ ಅಂದುಕೊಂಡು ನಾವು ಎರಡೂವರೆ ತಿಂಗಳು ಒದ್ದಾಡಿದೆವು. ಬಟನ್‌ಗೆ ಏನೂ ಆಗಿರಲಿಲ್ಲ. ಅದರ ಕೆಳಗಿದ್ದ ಬ್ಯಾಟರಿ ಊದಿಕೊಂಡು ಇಡೀ ಪ್ಯಾಡನ್ನು ಮೇಲಕ್ಕೆ ನೂಕುತ್ತಿತ್ತು. ಆ ಎರಡೂವರೆ ತಿಂಗಳೂ ಅವಳು ಲ್ಯಾಪ್‌ಟಾಪನ್ನು ಹಾಸಿಗೆಯ ಮೇಲೇ ಚಾರ್ಜಿಗೆ ಹಾಕಿ, ಪಕ್ಕದಲ್ಲಿ ಮಲಗುತ್ತಿದ್ದಳು. ಈಗ ಅದನ್ನು ನೆನೆಸಿಕೊಂಡರೆ ಎದೆ ಝಲ್ಲೆನ್ನುತ್ತದೆ. ನಿಮ್ಮ ಮನೆಯಲ್ಲಿ ಯಾರಾದರೂ "ಕ್ಲಿಕ್ ಸರಿಯಾಗಿ ಆಗ್ತಿಲ್ಲ" ಅಂತ ಹೇಳಿದ್ದರೆ ದಯವಿಟ್ಟು ಇದನ್ನು ಪೂರ್ತಿ ಓದಿ.

ಶುರುವಾಗಿದ್ದು ತೀರಾ ಸಣ್ಣದಾಗಿ. "ಅಕ್ಕಾ, ಎಡಗಡೆ ಒತ್ತಿದರೆ ಒಂದೊಂದು ಸಲ ಆಗುತ್ತೆ, ಒಂದೊಂದು ಸಲ ಆಗಲ್ಲ" ಅಂದಳು. ನಾನು ಒತ್ತಿ ನೋಡಿದೆ. ಮೊದಲು ಟಕ್ ಅಂತ ಹಗುರವಾಗಿ ಇಳಿಯುತ್ತಿದ್ದದ್ದು ಈಗ ಬಿಗಿಯಾಗಿತ್ತು, ಸದ್ದೂ ಮಂದವಾಗಿತ್ತು. ಧೂಳು ಸೇರಿರಬೇಕು ಅಂದುಕೊಂಡೆ. "ಸ್ವಲ್ಪ ಜೋರಾಗಿ ಒತ್ತು, ಸರಿಹೋಗುತ್ತೆ" ಅಂತ ಹೇಳಿದವಳು ನಾನೇ. ಅವಳು ನನ್ನ ಮಾತು ನಂಬಿ ದಿನವೂ ಹೆಬ್ಬೆರಳಿನಿಂದ ಅದುಮುತ್ತಾ ಕೆಲಸ ಮಾಡಿದಳು. ಊದಿದ ಬ್ಯಾಟರಿಯ ಮೇಲೆ ದಿನಕ್ಕೆ ನೂರಾರು ಸಲ ಅದುಮುವುದು ಅಂದರೆ ಏನು ಅಂತ ಆಗ ನನಗೆ ಗೊತ್ತಿರಲಿಲ್ಲ.

ಅಂಚಿನ ಸಂದಿಗೆ ಗಾಳಿ ಊದಿದೆವು, ತೆಳು ಕಾಗದ ತೂರಿಸಿ ಎಳೆದೆವು, ಪ್ಯಾಡನ್ನು ನಡೆಸುವ ಸಾಫ್ಟ್‌ವೇರ್ ಆದ ಡ್ರೈವರ್ ತೆಗೆದು ಮತ್ತೆ ಹಾಕಿದೆವು. ಯಾವುದೂ ಫಲ ಕೊಡಲಿಲ್ಲ. ಆಮೇಲೆ ಸೆಟ್ಟಿಂಗ್ಸ್‌ಗೆ ಹೋಗಿ ತಟ್ಟಿದರೆ ಸಾಕು ಕ್ಲಿಕ್ ಆಗುವ ಹಾಗೆ ಟ್ಯಾಪ್ ಆಯ್ಕೆ ಆನ್ ಮಾಡಿಕೊಟ್ಟೆ. ಒತ್ತುವ ಅಗತ್ಯವೇ ಇಲ್ಲ, ಬೆರಳಲ್ಲಿ ಮೆಲ್ಲಗೆ ತಟ್ಟಿದರೆ ಆಯಿತು. ಅವಳಿಗೆ ಖುಷಿಯಾಯಿತು, ನನಗೂ ಸಮಸ್ಯೆ ಬಗೆಹರಿದ ಸಮಾಧಾನ. ನಾವು ಮಾಡಿದ ಅತಿ ದೊಡ್ಡ ತಪ್ಪು ಇದು. ಒಳಗೆ ಏನೋ ಸರಿಯಿಲ್ಲ ಅಂತ ಆ ಯಂತ್ರ ನಮಗೆ ತೋರಿಸುತ್ತಿದ್ದ ಸುಳಿವು ಅದೊಂದೇ ಆಗಿತ್ತು. ಅದನ್ನೇ ನಾವು ಕೈಯಾರೆ ಮುಚ್ಚಿಹಾಕಿದೆವು. ಹೀಗೆ ಒಂದು ತಿಂಗಳು ಕಳೆಯಿತು.

ಅಷ್ಟರಲ್ಲಿ ತೊಂದರೆ ಉಲ್ಟಾ ಹೊಡೆಯಿತು. ಒತ್ತಿದರೂ ಕ್ಲಿಕ್ ಆಗದಿದ್ದದ್ದು ಈಗ ಒತ್ತದೇ ಕ್ಲಿಕ್ ಆಗತೊಡಗಿತು. ಕರ್ಸರ್ ಸರಿಸಿದ ಕಡೆಗೆಲ್ಲ ಅಕ್ಷರಗಳು ನೀಲಿಯಾಗಿ ಆಯ್ಕೆಯಾಗುತ್ತಿದ್ದವು, ಫೈಲುಗಳು ಒಂದು ಫೋಲ್ಡರಿನಿಂದ ಇನ್ನೊಂದಕ್ಕೆ ತಾವಾಗಿಯೇ ಹೋಗಿ ಬೀಳುತ್ತಿದ್ದವು. ಒಂದು ರಾತ್ರಿ ಅವಳ ಪ್ರಾಜೆಕ್ಟ್ ವರದಿಯ ಇಡೀ ಒಂದು ಅಧ್ಯಾಯ ಹೀಗೆ ಆಯ್ಕೆಯಾಗಿ, ಮುಂದಿನ ಅಕ್ಷರ ಟೈಪ್ ಮಾಡುತ್ತಲೇ ಅಳಿಸಿಹೋಯಿತು. ಗಾಬರಿಯಲ್ಲಿ ಹಾಗೆಯೇ ಸೇವ್ ಮಾಡಿ ಮುಚ್ಚಿದ್ದಾಳೆ. ಅಳುತ್ತಾ ನನಗೆ ಫೋನ್ ಮಾಡಿದಳು. ಬೇರೆ ಮೌಸ್ ಸಿಕ್ಕಿಸಿದರೂ ಅದೇ ಕಥೆ. ಟ್ರ್ಯಾಕ್‌ಪ್ಯಾಡಿನ ಬಟನ್ ಒತ್ತಿದ ಸ್ಥಿತಿಯಲ್ಲೇ ಸಿಕ್ಕಿಕೊಂಡಿದ್ದರೆ, ನೀವು ಎಷ್ಟು ಒಳ್ಳೆಯ ಮೌಸ್ ತಂದರೂ ಎಡ ಬಟನ್ ಇನ್ನೂ ಅದುಮಿಕೊಂಡೇ ಇದೆ ಅಂತಲೇ ಕಂಪ್ಯೂಟರ್ ತಿಳಿಯುತ್ತದೆ. ಸೆಟ್ಟಿಂಗ್ಸ್‌ನಲ್ಲಿ ಟ್ರ್ಯಾಕ್‌ಪ್ಯಾಡನ್ನೇ ಆಫ್ ಮಾಡಿದ ಮೇಲೆ ಮೌಸ್ ಸರಿಹೋಯಿತು. ಅಂದರೆ ಸುಳಿವನ್ನು ಎರಡನೇ ಸಲ ಮುಚ್ಚಿದೆವು.

ಮರುದಿನ ರಿಪೇರಿ ಅಂಗಡಿಗೆ ಕೊಟ್ಟೆವು. ಅಂಗಡಿಯ ಹೆಸರು ಇಲ್ಲಿ ಬೇಡ. ನನಗೆ ಮುಖ್ಯವಾದದ್ದು ಅವರು ಏನು ಮಾಡಿದರು ಅನ್ನುವುದು. "ಟ್ರ್ಯಾಕ್‌ಪ್ಯಾಡ್ ಹೋಗಿದೆ, ಬದಲಾಯಿಸಬೇಕು" ಅಂದರು. ಎರಡು ದಿನ ಬಿಟ್ಟು ಹೊಸದು ಹಾಕಿಕೊಟ್ಟರು, ಹಳೆಯದನ್ನು ಕವರಿನಲ್ಲಿ ಹಾಕಿ ಕೈಗಿತ್ತರು. ಬ್ಯಾಟರಿ ಹೇಗಿದೆ ಅಂತ ನಾನು ಬಾಯಿಬಿಟ್ಟು ಕೇಳಿದ್ದೆ. "ಬ್ಯಾಕಪ್ ಚೆನ್ನಾಗಿ ಬರ್ತಿದೆಯಲ್ಲ ಮೇಡಂ, ಏನೂ ತೊಂದರೆ ಇಲ್ಲ" ಅಂದರು. ಬ್ಯಾಕಪ್ ನಿಜಕ್ಕೂ ಚೆನ್ನಾಗಿಯೇ ಬರುತ್ತಿತ್ತು. ಆದ್ದರಿಂದ ನಂಬಿದೆ.

ಮೂರು ವಾರ ಕಳೆಯುವಷ್ಟರಲ್ಲಿ ಹೊಸ ಪ್ಯಾಡೂ ಬಿಗಿಯಾಯಿತು. ಈ ಸಲ ಇನ್ನೂ ಎರಡು ವಿಷಯ ಕಣ್ಣಿಗೆ ಬಿದ್ದವು. ಲ್ಯಾಪ್‌ಟಾಪನ್ನು ಮೇಜಿನ ಮೇಲಿಟ್ಟು ಟೈಪ್ ಮಾಡಿದರೆ ಕಾಲು ಸಮ ಇಲ್ಲದ ಮಣೆಯ ಹಾಗೆ ಅಲುಗಾಡುತ್ತಿತ್ತು. ಮುಚ್ಚಳ ಹಾಕಿದರೆ ಮುಂದಿನ ಅಂಚಿನ ನಡುವೆ ಒಂದು ಸಂದಿ ಉಳಿಯುತ್ತಿತ್ತು. ಮನೆಗೆ ಬಂದಿದ್ದ ನನ್ನ ಸಹೋದ್ಯೋಗಿಯೊಬ್ಬರು ಅದನ್ನು ಕೈಗೆತ್ತಿಕೊಂಡವರೇ ತಿರುಗಿಸಿ ತಳ ನೋಡಿ, ಚಾರ್ಜರ್ ಕಿತ್ತು ಕೆಳಗಿಟ್ಟು, "ಇದನ್ನು ಈಗಲೇ ಆಫ್ ಮಾಡಿ" ಅಂದರು. ಅವರ ದನಿಯಲ್ಲೇ ನನಗೆ ವಿಷಯದ ಗಾಂಭೀರ್ಯ ತಿಳಿಯಿತು.

ಕಂಪನಿಯ ಅಧಿಕೃತ ಸರ್ವಿಸ್ ಕೇಂದ್ರದಲ್ಲಿ ನಮ್ಮೆದುರೇ ತಳದ ಮುಚ್ಚಳ ಬಿಚ್ಚಿದರು. ಕೊನೆಯ ಸ್ಕ್ರೂ ಸಡಿಲವಾದ ಕೂಡಲೇ ಮುಚ್ಚಳ ತಾನಾಗಿ ಮೇಲೆದ್ದಿತು. ಒಳಗೆ ಚಪ್ಪಟೆಯಾಗಿ ಇರಬೇಕಾದ ಬ್ಯಾಟರಿಯ ಮೂರು ಸೆಲ್‌ಗಳಲ್ಲಿ ಎರಡು ಪುಟ್ಟ ದಿಂಬುಗಳ ಹಾಗೆ ಉಬ್ಬಿದ್ದವು. ಅದರಲ್ಲೊಂದು ಸರಿಯಾಗಿ ಟ್ರ್ಯಾಕ್‌ಪ್ಯಾಡಿನ ಬೆನ್ನಿಗೆ ಒತ್ತಿಕೊಂಡಿತ್ತು. ಟೆಕ್ನೀಷಿಯನ್ ನನ್ನ ಮುಖ ನೋಡಿ, "ಇದನ್ನು ಮೊದಲು ಬಿಚ್ಚಿದವರು ಯಾರು ಮೇಡಂ?" ಅಂತ ಕೇಳಿದರು. ತಳದ ನಡುಭಾಗದ ಎರಡು ಸ್ಕ್ರೂಗಳೇ ಇರಲಿಲ್ಲ. ಹಾಕಿದರೆ ಮುಚ್ಚಳ ಕೂರುವುದಿಲ್ಲ ಅಂತ ಬಿಟ್ಟಿದ್ದರು. ಇನ್ನೊಂದು ವಿಷಯ ಕೇಳಿದಾಗ ನನಗೆ ಸಿಟ್ಟು ತಡೆಯಲಾಗಲಿಲ್ಲ. ಆ ಮಾಡೆಲ್‌ನಲ್ಲಿ ಬ್ಯಾಟರಿಯನ್ನು ಹೊರತೆಗೆಯದೆ ಟ್ರ್ಯಾಕ್‌ಪ್ಯಾಡ್ ಬಿಚ್ಚಲು ಸಾಧ್ಯವೇ ಇಲ್ಲ. ಅಂದರೆ ಅಂಗಡಿಯವರು ಆ ಊದಿದ ಬ್ಯಾಟರಿಯನ್ನು ಕೈಯಲ್ಲಿ ಹಿಡಿದಿದ್ದಾರೆ, ನೋಡಿದ್ದಾರೆ, ಮತ್ತೆ ಅದನ್ನೇ ಒಳಗಿಟ್ಟು ಸ್ಕ್ರೂ ಬಿಗಿದಿದ್ದಾರೆ. ಒಂದು ಮಾತು ನಮಗೆ ಹೇಳಿದ್ದರೆ ಸಾಕಿತ್ತು.

ಬಟನ್‌ಗೂ ಬ್ಯಾಟರಿಗೂ ಏನು ಸಂಬಂಧ ಅಂತ ಟೆಕ್ನೀಷಿಯನ್ ಬಿಡಿಸಿ ಹೇಳಿದರು. ಹಳೆಯ ಲ್ಯಾಪ್‌ಟಾಪ್‌ಗಳಲ್ಲಿ ಟ್ರ್ಯಾಕ್‌ಪ್ಯಾಡಿನ ಕೆಳಗೆ ಎರಡು ಬೇರೆ ಬಟನ್ ಇರುತ್ತಿದ್ದವು, ಬ್ಯಾಟರಿ ಸಾಮಾನ್ಯವಾಗಿ ಹಿಂಬದಿಯಲ್ಲಿ ಕೂರುತ್ತಿತ್ತು, ಕಳಚಿ ಹಾಕಬಹುದಿತ್ತು. ಅಂಥದ್ದರಲ್ಲಿ ಬಟನ್ ಕೆಟ್ಟರೆ ಬಹುಮಟ್ಟಿಗೆ ಬಟನ್ನೇ ಕೆಟ್ಟಿರುತ್ತದೆ. ಈಗಿನವುಗಳಲ್ಲಿ ಇಡೀ ಪ್ಯಾಡೇ ಬಟನ್. ಹೆಚ್ಚಿನವುಗಳಲ್ಲಿ ಮೇಲಂಚು ಬಾಗಿಲಿನ ತಿರುಗಣಿಯ ಹಾಗೆ ಹಿಡಿದುಕೊಂಡಿರುತ್ತದೆ, ಕೆಳಗಂಚು ಇಳಿಯುತ್ತದೆ, ಅಲ್ಲಿ ಒಂದು ಪುಟ್ಟ ಸ್ವಿಚ್. ಅದಕ್ಕೇ ಮೇಲ್ಭಾಗದಲ್ಲಿ ಒತ್ತಿದರೆ ಕ್ಲಿಕ್ ಆಗುವುದಿಲ್ಲ, ಅದು ದೋಷವಲ್ಲ. ಪ್ಯಾಡ್ ಇಳಿಯುವ ದೂರ ಒಂದು ಮಿಲಿಮೀಟರ್‌ಗೂ ಕಡಿಮೆ. ಅಷ್ಟು ಕಿರಿದಾದ ಜಾಗದ ಕೆಳಗೆ ಬ್ಯಾಟರಿ ಕೂದಲೆಳೆಯಷ್ಟು ಊದಿದರೂ ಸಾಕು, ಪ್ಯಾಡ್ ಇಳಿಯಲು ಎಡೆ ಇರುವುದಿಲ್ಲ, ಇಲ್ಲವೇ ಸ್ವಿಚ್ ಒತ್ತಿದಂತೆಯೇ ನಿಂತುಬಿಡುತ್ತದೆ. ನಾವು ಕಂಡ ಎರಡೂ ತೊಂದರೆಗಳಿಗೆ ಕಾರಣ ಒಂದೇ ಆಗಿತ್ತು.

ತೆಳ್ಳನೆಯ ಲ್ಯಾಪ್‌ಟಾಪ್‌ಗಳ ಲಿಥಿಯಂ ಅಯಾನ್ ಸೆಲ್‌ಗಳಿಗೆ ಗಟ್ಟಿ ಡಬ್ಬಿ ಇರುವುದಿಲ್ಲ, ಅಲ್ಯೂಮಿನಿಯಂ ಹಾಳೆಯ ಚೀಲದಂಥ ಹೊದಿಕೆ ಮಾತ್ರ. ವಯಸ್ಸಾದಂತೆ ಒಳಗಿನ ಎಲೆಕ್ಟ್ರೋಲೈಟ್ ಅನ್ನುವ ದ್ರಾವಣ ವಿಭಜನೆಯಾಗಿ ಅನಿಲ ಹುಟ್ಟುತ್ತದೆ, ಹೋಗಲು ದಾರಿಯಿಲ್ಲದೆ ಚೀಲ ಉಬ್ಬುತ್ತದೆ. ಬಿಸಿ ಇದನ್ನು ಬೇಗ ಮಾಡಿಸುತ್ತದೆ. ಸದಾ ಚಾರ್ಜರ್‌ನಲ್ಲಿಟ್ಟು ನೂರಕ್ಕೆ 100 ಚಾರ್ಜ್‌ನಲ್ಲೇ ನಿಲ್ಲಿಸುವುದೂ ಹಾಗೆಯೇ. ಹಾಸಿಗೆಯ ಮೇಲಿಟ್ಟು ಚಾರ್ಜಿಗೆ ಹಾಕಿದರೆ ಗಾಳಿಕಿಂಡಿ ಮುಚ್ಚಿ ಎರಡೂ ಒಟ್ಟಿಗೆ ಆಗುತ್ತವೆ. ಸೆಲ್‌ನ ಒಳಗೆ ಧನ ಮತ್ತು ಋಣ ಪದರಗಳನ್ನು ಬೇರ್ಪಡಿಸುವ ಪ್ಲಾಸ್ಟಿಕ್ ಪರದೆ ಸಾಮಾನ್ಯವಾಗಿ 10ರಿಂದ 25 ಮೈಕ್ರಾನ್ (ಮಿಲಿಮೀಟರಿನ ಸಾವಿರದ ಒಂದು ಭಾಗ) ದಪ್ಪ ಅಷ್ಟೇ. ಅದು ಎಲ್ಲಾದರೂ ಹರಿದರೆ ಒಳಗೇ ಶಾರ್ಟ್ ಆಗಿ, ಒಂದು ಸೆಲ್‌ನ ಕಾವು ಪಕ್ಕದ ಸೆಲ್‌ಗೆ ಹತ್ತಿ, ಬೆಂಕಿಯಾಗಬಹುದು. "ಜೋರಾಗಿ ಒತ್ತು" ಅಂತ ನಾನು ಹೇಳಿದ್ದು ಇಂಥದ್ದರ ಮೇಲೆ.

ಬ್ಯಾಕಪ್ ಚೆನ್ನಾಗಿದೆ ಅನ್ನುವ ಮಾತನ್ನು ಮಾತ್ರ ಯಾರು ಹೇಳಿದರೂ ಒಪ್ಪಬೇಡಿ. ಊದಿದ ಬ್ಯಾಟರಿ ಗಂಟೆಗಟ್ಟಲೆ ಓಡಬಲ್ಲದು. ನಮ್ಮದರಲ್ಲಿ ವಿಂಡೋಸ್ ಕೊಡುವ ಬ್ಯಾಟರಿ ವರದಿ ತೆಗೆದು ನೋಡಿದಾಗ ಮೂಲ ಸಾಮರ್ಥ್ಯದ ನೂರಕ್ಕೆ 80ಕ್ಕಿಂತ ಹೆಚ್ಚೇ ಉಳಿದಿತ್ತು. ಆ ವರದಿ ಎಷ್ಟು ಕರೆಂಟ್ ಹಿಡಿಯುತ್ತದೆ ಅಂತ ಹೇಳುತ್ತದೆ, ಎಷ್ಟು ಉಬ್ಬಿದೆ ಅಂತ ಹೇಳುವುದಿಲ್ಲ.

ಹಾಗಂತ ಕ್ಲಿಕ್ ಕೆಟ್ಟದ್ದೆಲ್ಲ ಬ್ಯಾಟರಿಯಿಂದಲೇ ಅಂತಲ್ಲ. ಟೀ ಚೆಲ್ಲಿರಬಹುದು, ಒಳಗಿನ ರಿಬ್ಬನ್ ಕೇಬಲ್ ಸಡಿಲವಾಗಿರಬಹುದು, ಸ್ವಿಚ್ ಸವೆದಿರಬಹುದು. ತಟ್ಟಿದರೆ ಕೆಲಸ ಮಾಡಿ ಒತ್ತಿದರೆ ಮಾಡದಿದ್ದರೆ ತೊಂದರೆ ಸಾಫ್ಟ್‌ವೇರಿನದಲ್ಲ, ಭೌತಿಕವಾದದ್ದು ಅಂತ ಬಹುಮಟ್ಟಿಗೆ ನಂಬಬಹುದು. ಅಷ್ಟಾದ ಮೇಲೆ ಮೊದಲು ನೋಡಬೇಕಾದದ್ದು ಬ್ಯಾಟರಿ. ಲ್ಯಾಪ್‌ಟಾಪ್ ಆಫ್ ಮಾಡಿ, ಚಾರ್ಜರ್ ಕಿತ್ತು, ಸಮತಟ್ಟಾದ ಮೇಜಿನ ಮೇಲಿಡಿ. ನಾಲ್ಕೂ ಕಾಲು ಊರುತ್ತಿವೆಯೇ? ಕಣ್ಣನ್ನು ಮೇಜಿನ ಮಟ್ಟಕ್ಕೆ ಇಳಿಸಿ ಪಕ್ಕದಿಂದ ನೋಡಿ. ಪ್ಯಾಡಿನ ಒಂದು ಅಂಚು ಕೈಯಿಡುವ ಜಾಗಕ್ಕಿಂತ ಮೇಲೆದ್ದಿದೆಯೇ? ಪ್ಯಾಡಿನ ಸುತ್ತಲಿನ ಸಂದಿ ಎಲ್ಲ ಕಡೆ ಒಂದೇ ಅಗಲ ಇದೆಯೇ? ಒಂದು ಸ್ಕೇಲನ್ನು ತಳಕ್ಕೆ ಅಡ್ಡವಾಗಿ ಹಿಡಿದರೆ ನಡುವೆ ಉಬ್ಬು ಕಾಣುತ್ತದೆಯೇ? ಸ್ಕ್ರೂ ಯಾವುದಾದರೂ ಕಾಣೆಯಾಗಿದೆಯೇ? ನಮ್ಮದನ್ನು ಹೀಗೆ ನೋಡಲು ಎರಡು ನಿಮಿಷ ಸಾಕಿತ್ತು, ನಾವು ನೋಡಲಿಲ್ಲ.

ಕೆಲವು ಲ್ಯಾಪ್‌ಟಾಪ್‌ಗಳಲ್ಲಿ ಪ್ಯಾಡ್ ಇಳಿಯುವುದೇ ಇಲ್ಲ. ಆಪಲ್ 2015ರಲ್ಲಿ ತನ್ನ ಮ್ಯಾಕ್‌ಬುಕ್‌ಗಳಿಗೆ ತಂದ ಫೋರ್ಸ್ ಟಚ್ ಅಂಥದ್ದು. ಒತ್ತಡ ಅಳೆದು, ವಿದ್ಯುತ್ಕಾಂತದಿಂದ ಸಣ್ಣಗೆ ಅದುರಿಸಿ, ಕ್ಲಿಕ್ ಆದ ಅನುಭವ ಕೊಡುತ್ತದೆ. ಆಫ್ ಮಾಡಿದಾಗ ಅದು ಕಲ್ಲಿನ ಹಾಗಿರುವುದು ಸಹಜ, ಹೆದರಬೇಡಿ. ಅವುಗಳಲ್ಲಿ ಬಿಗಿಯನ್ನು ಬಿಟ್ಟು ಅಂಚು, ತಳ, ಮುಚ್ಚಳದ ಸಂದಿ ನೋಡಬೇಕು. ಮಾಡೆಲ್ ಯಾವುದೇ ಇರಲಿ, ಕಂಪನಿಯ ತಾಣದಲ್ಲಿ ಸೀರಿಯಲ್ ನಂಬರ್ ಹಾಕಿ ಬ್ಯಾಟರಿ ವಾಪಸಾತಿ ಏನಾದರೂ ಇದೆಯೇ ಅಂತಲೂ ನೋಡಿ. ಮುಖ್ಯವಾಗಿ 2015ರ ಸೆಪ್ಟೆಂಬರ್‌ನಿಂದ 2017ರ ಫೆಬ್ರವರಿವರೆಗೆ ಮಾರಿದ 15 ಇಂಚಿನ ಮ್ಯಾಕ್‌ಬುಕ್ ಪ್ರೋ ಬ್ಯಾಟರಿಗಳು ಅತಿಯಾಗಿ ಬಿಸಿಯಾಗಬಹುದು ಅಂತ ಆ ಕಂಪನಿಯೇ 2019ರ ಜೂನ್‌ನಲ್ಲಿ ಪ್ರಕಟಿಸಿ ಉಚಿತವಾಗಿ ಬದಲಿಸಿಕೊಟ್ಟಿತ್ತು. ನಮ್ಮದು ಆ ಕಂಪನಿಯದಲ್ಲ, ಆದರೆ ಇಂಥ ಪ್ರಕಟಣೆಗಳು ಇರುತ್ತವೆ ಅನ್ನುವುದೇ ನನಗೆ ತಿಳಿದಿರಲಿಲ್ಲ.

ಉಬ್ಬು ಕಂಡರೆ ಮತ್ತೆ ಆನ್ ಮಾಡಬೇಡಿ, ಚಾರ್ಜಿಗೆ ಹಾಕಬೇಡಿ. ಫೈಲುಗಳ ಚಿಂತೆ ಬೇಡ, ಅವು ಬೇರೆ ಭಾಗದಲ್ಲಿರುತ್ತವೆ, ಬ್ಯಾಟರಿ ತೆಗೆದ ಮೇಲೂ ಪಡೆಯಬಹುದು. ಅದುಮಿ ಸಮ ಮಾಡುವುದು, ಸೂಜಿಯಿಂದ ಚುಚ್ಚಿ ಗಾಳಿ ಬಿಡುವುದು, ಫ್ರಿಜ್‌ನಲ್ಲಿಡುವುದು, ಇಂಥ ಸಲಹೆ ಕೊಡುವವರು ಇದ್ದಾರೆ. ಯಾವುದನ್ನೂ ಮಾಡಬೇಡಿ, ಕೈ ಮುಗಿದು ಕೇಳುತ್ತೇನೆ. ಹಾಸಿಗೆ, ಬಟ್ಟೆ, ಕಾಗದದಿಂದ ದೂರ, ಟೈಲ್ಸ್ ಅಥವಾ ಸಿಮೆಂಟ್ ನೆಲದ ಮೇಲಿಟ್ಟು ಆದಷ್ಟು ಬೇಗ ಸರ್ವಿಸ್ ಕೇಂದ್ರಕ್ಕೆ ಒಯ್ಯಿರಿ. ಬ್ಯಾಟರಿ ಅಂಟಿನಿಂದ ಕೂತಿರುತ್ತದೆ, ಸ್ಕ್ರೂಡ್ರೈವರ್ ಹಾಕಿ ಮೀಟಿದರೆ ಚೀಲ ಹರಿಯುತ್ತದೆ, ಹಾಗಾಗಿ ಮನೆಯಲ್ಲಿ ಕೀಳುವ ಸಾಹಸ ಬೇಡ. ತೆಗೆದ ಬ್ಯಾಟರಿ ಕಸದ ಬುಟ್ಟಿಗೆ ಹೋಗಬಾರದು, ಇ-ತ್ಯಾಜ್ಯ ಪಡೆಯುವವರಿಗೇ ಕೊಡಬೇಕು. ಬುಸ್ ಅನ್ನುವ ಸದ್ದು, ಹೊಗೆ, ಸಿಹಿಯಾದ ಘಾಟು ಬಂದರೆ ವಸ್ತುವಿನ ಆಸೆ ಬಿಟ್ಟು ಎಲ್ಲರೂ ಹೊರಗೆ ಬನ್ನಿ, ಅಗ್ನಿಶಾಮಕದವರನ್ನು ಕರೆಯಿರಿ. ಆ ಹೊಗೆ ವಿಷ.

ರಿಪೇರಿಗೆ ಕೊಡುವಾಗ ಈಗ ನಾನು ಒಂದು ಷರತ್ತು ಹಾಕುತ್ತೇನೆ: ತಳ ಬಿಚ್ಚಿದ ಕೂಡಲೇ ಬ್ಯಾಟರಿಯ ಫೋಟೋ ತೆಗೆದು ನನಗೆ ಕಳಿಸಬೇಕು. ಒಳ್ಳೆಯ ಕೆಲಸಗಾರರು ಇದಕ್ಕೆ ಬೇಸರ ಮಾಡಿಕೊಳ್ಳುವುದಿಲ್ಲ.

ಹಳೆಯ ಅಂಗಡಿಗೆ ಹೋಗಿ ಸರ್ವಿಸ್ ಕೇಂದ್ರದ ಫೋಟೋ ತೋರಿಸಿದೆ. "ನೀವು ಟ್ರ್ಯಾಕ್‌ಪ್ಯಾಡ್ ಮಾತ್ರ ಹೇಳಿದ್ರಿ" ಅಂದರು. ಬ್ಯಾಟರಿ ಬಗ್ಗೆ ಕೇಳಿದ್ದೆನಲ್ಲ ಅಂದೆ. ಉತ್ತರ ಬರಲಿಲ್ಲ, ದುಡ್ಡೂ ವಾಪಸ್ ಬರಲಿಲ್ಲ.

ಸರ್ವಿಸ್ ಕೇಂದ್ರದಲ್ಲಿ ಹೊಸ ಬ್ಯಾಟರಿ ಹಾಕಿದ ದಿನ ನಾನೂ ತಂಗಿಯೂ ಒಟ್ಟಿಗೆ ಹೋಗಿದ್ದೆವು. ಅಂಗಡಿಯವರು ಹಾಕಿದ್ದ ಹೊಸ ಪ್ಯಾಡ್ ಕೆಳಗಿನ ಒತ್ತಡಕ್ಕೆ ಬಾಗಿಹೋಗಿತ್ತು. ಹಳೆಯದು ನಮ್ಮ ಬಳಿ ಕವರಿನಲ್ಲೇ ಇತ್ತು. "ಕೊಡಿ, ನೋಡೋಣ" ಅಂತ ಟೆಕ್ನೀಷಿಯನ್ ಅದನ್ನೇ ಕೂರಿಸಿದರು. ತಂಗಿ ಮೊದಲು ಎಡ ಮೂಲೆಯಲ್ಲಿ, ಆಮೇಲೆ ಬಲ ಮೂಲೆಯಲ್ಲಿ ಒಂದು ಬೆರಳಿಟ್ಟು ಒತ್ತಿದಳು. ಕೊಂಡ ದಿನದಷ್ಟೇ ಹಗುರವಾಗಿ, ಎರಡೂ ಕಡೆ ಟಕ್ ಅಂತ ಇಳಿಯಿತು.