ಅಜ್ಜನ ಬರ್ಮಿಂಗ್‌ಹ್ಯಾಮ್ ಕೋವಿಯೋ, ಹೊಸ ದೇಶಿ ಜೋಡುನಳಿಗೆಯೋ?

ಕಾಸರಗೋಡಿನ ಎಣ್ಮಕಜೆ ಕಡೆಯ ಅಡಿಕೆ ತೋಟದಲ್ಲಿ ಎರಡನ್ನೂ ವರ್ಷಗಟ್ಟಲೆ ಬಳಸಿದ್ದೇನೆ. ಕಾಡುಹಂದಿಗೆ ಕಾವಲು ಹೊರಡುವಾಗ ಈಗ ಕೈಗೆತ್ತಿಕೊಳ್ಳುವುದು ಹೊಸದನ್ನೇ. ಹಳೆಯದರ ಮೇಲೆ ಪ್ರೀತಿ ಕಡಿಮೆಯಾಗಿಲ್ಲ, ಅದರ ಚೇಂಬರ್, ಅಂದರೆ ನಳಿಗೆಯ ಬುಡದಲ್ಲಿ ತೋಟೆ ಕೂರುವ ಜಾಗ, ಇಂದಿನ ತೋಟೆಗೆ ಗಿಡ್ಡ, ಅಷ್ಟೇ.

ಹಳೆಯದು ಹೊರಗೆ ಎರಡು ಕುದುರೆ (ಬಡಿಯುವ ಸುತ್ತಿಗೆ) ಇರುವ 12 ಬೋರಿನ ಇಂಗ್ಲಿಷ್ ಕೋವಿ. ಹೆಗಲಿಗೆ ಏರಿಸಿದರೆ ಸಾಕು, ಕಣ್ಣು ಹೋದಲ್ಲಿಗೆ ನಳಿಗೆ ಹೋಗುತ್ತದೆ. ಆ ತೂಕದ ಹದ ಹೊಸದರಲ್ಲಿಲ್ಲ. ಹೊಸದರ ಮುಂಭಾಗ ಭಾರ, ಟ್ರಿಗರ್ ಬಿಗಿ, ಹಿಡಿಯ ವಾರ್ನಿಷ್ ಒಂದೇ ಮಳೆಗಾಲಕ್ಕೆ ಎದ್ದುಬಂತು.

ಆದರೆ ಹಳೆಯ ಇಂಗ್ಲಿಷ್ ಕೋವಿಗಳಲ್ಲಿ ಬಹಳಷ್ಟರ ಚೇಂಬರ್ ಎರಡೂವರೆ ಇಂಚು, ಅಂದರೆ 65 ಮಿ.ಮೀ. ತೋಟೆಯದು. ಈಗಿನ ಕೋವಿಗಳದ್ದು ಸಾಮಾನ್ಯವಾಗಿ 70 ಅಥವಾ ಹೆಚ್ಚು. ಬಾಯಿ ಮಡಚಿದ 70ರ ತೋಟೆ ಗಿಡ್ಡ ಚೇಂಬರಿನೊಳಗೂ ಸಲೀಸಾಗಿ ಕೂರುತ್ತದೆ, ಕೋವಿ ಮುಚ್ಚಿಕೊಳ್ಳುತ್ತದೆ, ಏನೂ ತಿಳಿಯುವುದಿಲ್ಲ. ಹೊಡೆದಾಗ ಆ ಮಡಿಕೆ ಬಿಚ್ಚಿಕೊಳ್ಳಲು ಜಾಗ ಸಾಲದೆ ಒಳಗಿನ ಒತ್ತಡ ಏರುತ್ತದೆ. "ಒಳಗೆ ಹೋಯಿತಲ್ಲ, ಸರಿಯೇ ಇದೆ" ಎನ್ನುವವರು ನಮ್ಮೂರಲ್ಲಿ ಈಗಲೂ ಇದ್ದಾರೆ. ದಯವಿಟ್ಟು ಅವರ ಮಾತು ಕೇಳಬೇಡಿ. ಪೆಟ್ಟಿಗೆಯ ಮೇಲಿನ ಅಂಕಿ ಓದಿ.

ಹಳೆಯದು ನಿಮ್ಮ ಪಾಲಿಗೆ ಬರುವುದಿದ್ದರೆ ನಳಿಗೆ ಕಳಚಿ ಅಡಿಭಾಗ ನೋಡಿ. 'ನೈಟ್ರೋ ಪ್ರೂಫ್' ಗುರುತಿದ್ದರೆ ಹೊಗೆಯಿಲ್ಲದ ಮದ್ದಿಗೆ ಪರೀಕ್ಷೆಯಾಗಿದೆ ಎಂದರ್ಥ. ಬ್ರಿಟನ್ನಿನ 1925ರ ಕೋವಿ ಪರೀಕ್ಷೆಯ ನಿಯಮದ ನಂತರದವುಗಳಲ್ಲಿ ಚೇಂಬರಿನ ಉದ್ದವನ್ನೂ ಕೊರೆದಿರುತ್ತಾರೆ. 1875ರಿಂದ 1887ರ ನಡುವಿನ ಚೋಕ್ ನಳಿಗೆಗಳ (ಬಾಯಿಯ ಬಳಿ ಕಿರಿದಾದವು) ಮೇಲೆ 'ನಾಟ್ ಫಾರ್ ಬಾಲ್' ಎಂದೇ ಇರುತ್ತದೆ, ಅದರಲ್ಲಿ ಒಂಟಿಗುಂಡು ಹಾಕುವಂತಿಲ್ಲ. ಕಬ್ಬಿಣ ಮತ್ತು ಉಕ್ಕಿನ ಪಟ್ಟಿಗಳನ್ನು ಸುತ್ತಿ ಬೆಸೆದ ಡಮಾಸ್ಕಸ್ ನಳಿಗೆಯಾದರೆ, ನೈಟ್ರೋ ಗುರುತಿಲ್ಲದಿದ್ದಲ್ಲಿ, ಗೋಡೆಯ ಮೇಲಿರಲಿ. ಗುರುತಿದ್ದರೂ ಒಳಗೆ ತುಕ್ಕಿನ ಕುಳಿ ಬಿದ್ದಿರಬಹುದು. ಬಲ್ಲವರ ಕೈಯಲ್ಲಿ ಅಳೆಸಿಯೇ ಮುಂದುವರಿಯಿರಿ.

ರಿಪೇರಿಯಲ್ಲೂ ಹೊಸದೇ ಮೇಲು. ಹಳೆಯದರ ಮಡಿಕೆ ಸ್ಪ್ರಿಂಗ್ ತುಂಡಾದರೆ ಉಕ್ಕು ಅರದಿಂದ ಉಜ್ಜಿ, ಹದ ಕೊಟ್ಟು ಕೂರಿಸುವ ಕೈ ಬೇಕು. ಅಂಥ ಕೈಗಳು ಮಂಗಳೂರಿನ ಆಚೆ ಈಚೆ ಎಲ್ಲೂ ಸುಲಭಕ್ಕೆ ಸಿಗುತ್ತಿಲ್ಲ.

ರೈಫಲ್ಲೇ ಬೇಕೆಂದು ಕೆಲವರು .315 ಬೋರಿನದನ್ನು ಹುಡುಕುತ್ತಾರೆ. ನಮ್ಮ ಗುಡ್ಡೆಗಳಲ್ಲಿ ತೋಟದ ಕೆಳಗೊಂದು ಮನೆ, ಮೇಲೊಂದು ಮನೆ. ಗುರಿ ತಪ್ಪಿದ ರೈಫಲ್ ಗುಂಡು ಕಿಲೋಮೀಟರುಗಟ್ಟಲೆ ಹೋಗುತ್ತದೆ. ಸುಮಾರು 9 ಮಿ.ಮೀ. ದಪ್ಪದ ಎಲ್‌ಜಿ ಚರೆಯ ವೇಗ ಅದಕ್ಕಿಂತ ಬೇಗ ಕುಗ್ಗುತ್ತದೆ, ಮೂವತ್ತು ಮೀಟರಿನೊಳಗೆ ಹಂದಿಗೆ ಅದು ಸಾಕು. ಹಿಂದೆ ಮಣ್ಣಿನ ದರೆ ಇಲ್ಲದ ಕಡೆಗೆ ಅದನ್ನೂ ಹೊಡೆಯಬಾರದು. ಜೋಡುನಳಿಗೆಯ ದೊಡ್ಡ ಗುಣ ಇನ್ನೊಂದಿದೆ: ನಳಿಗೆ ಬಗ್ಗಿಸಿ ತೆರೆದು ತೋಳಿಗೆ ನೇತುಹಾಕಿದರೆ ಖಾಲಿಯಿದೆಯೆಂದು ಜೊತೆಯವರಿಗೆಲ್ಲ ಕಾಣುತ್ತದೆ.

ಕಾಗದಪತ್ರದ ವಿಷಯ. ಲೈಸೆನ್ಸ್ ಪಡೆದು ಆಡುವ ಬೇಟೆ 1972ರ ವನ್ಯಜೀವಿ ಕಾಯ್ದೆಗೆ 1991ರಲ್ಲಿ ಬಂದ ತಿದ್ದುಪಡಿಯೊಂದಿಗೆ ಮುಗಿಯಿತು. ಬೆಳೆ ಹಾಳುಮಾಡುವ ಹಂದಿಯನ್ನು ಕೊಲ್ಲಲು ಅನುಮತಿ ಕೊಡುವ ಅಧಿಕಾರ ಕೇರಳದಲ್ಲಿ 2022ರಿಂದ ಪಂಚಾಯತಿಗೆ ಬಂದಿದೆ. ಆ ಅನುಮತಿಯಿಲ್ಲದೆ ಲೈಸೆನ್ಸ್ ಕೋವಿಯೂ ಮೇಲೇಳಬಾರದು. ಶಸ್ತ್ರಾಸ್ತ್ರ ಕಾಯ್ದೆಯ 2019ರ ತಿದ್ದುಪಡಿಯ ಪ್ರಕಾರ ಒಬ್ಬರಿಗೆ ಎರಡೇ ಕೋವಿ, ಲೈಸೆನ್ಸ್ ಅವಧಿ ಐದು ವರ್ಷ. ಮನೆಯ ಹಿರಿಯರಿಗೆ 70 ತುಂಬಿದ್ದರೆ ಅಥವಾ ಕೋವಿ ಅವರ ಬಳಿ 25 ವರ್ಷದಿಂದ ಇದ್ದರೆ, ಅವರಿರುವಾಗಲೇ ವಾರಸುದಾರರ ಹೆಸರಿಗೆ ಅರ್ಜಿ ಹಾಕಬಹುದು. ಇದನ್ನು ಮುಂದೂಡಬೇಡಿ.

ಚುನಾವಣೆ ಬಂದಾಗ ಕೋವಿ ಠಾಣೆಗೋ ಡೀಲರ್ ಬಳಿಗೋ ಹೋಗುತ್ತದೆ. ಕೊಡುವ ಮೊದಲು ನಳಿಗೆಯೊಳಗೆ ಎಣ್ಣೆ ಬಟ್ಟೆ ಎಳೆದು, ಹಿಡಿಯ ಮೇಲಿನ ಗೀರುಗಳ ಫೋಟೋ ತೆಗೆದು, ರಶೀದಿಯಲ್ಲಿ ನಂಬರ್ ಸರಿಯಿದೆಯೇ ನೋಡಿಕೊಳ್ಳಿ. ವಾಪಸ್ ತಂದ ದಿನವೇ ಮತ್ತೆ ಒರೆಸಿ. ನಮ್ಮ ಹವೆಗೆ ತುಕ್ಕು ಹಿಡಿಯುವುದರಲ್ಲಿ ಹೊಸದೂ ಹಳೆಯದೂ ಒಂದೇ.