ಕೋಬಾಟ್ ಜೊತೆ ಎರಡೂವರೆ ವರ್ಷ: ಮಣಿಕಟ್ಟು ಉಳಿಸಿತು, ಸೊಂಟದ ನೆನಪು ಯಾರಿಗೂ ಇರಲಿಲ್ಲ

ನಮ್ಮ ಸಿಎನ್‌ಸಿ ಲೇತ್ (ಕಂಪ್ಯೂಟರ್ ನಡೆಸುವ ಕಡೆಯುವ ಯಂತ್ರ) ಪಕ್ಕ ಕೋಬಾಟ್, ಅಂದರೆ ಜನರ ಪಕ್ಕದಲ್ಲೇ ಕೆಲಸ ಮಾಡಲೆಂದು ಮಾಡಿದ ರೋಬಾಟ್, ಬಂದು ಎರಡೂವರೆ ವರ್ಷ ಆಯಿತು. 5 ಕೆಜಿ ಎತ್ತುವ, 6 ಗೆಣ್ಣಿನ ತೋಳು. ಟ್ರೇಯಿಂದ ಪೀಸ್ ತೆಗೆದು, ಲೇತ್‌ನಲ್ಲಿ ಅದನ್ನು ಬಿಗಿಹಿಡಿಯುವ ಚಕ್‌ಗೆ ಕೊಡುತ್ತದೆ, ಮುಗಿದದ್ದನ್ನು ಹೊರಗೆ ತಂದಿಡುತ್ತದೆ. ಮೊದಲು ಅದೇ ಕೆಲಸವನ್ನು ನಾನು ಒಂದು ಪಾಳಿಗೆ 300-400 ಸಲ ಮಾಡುತ್ತಿದ್ದೆ. ಮಣಿಕಟ್ಟಿನ ನೋವಿಗೆ ರಾತ್ರಿ ನಿದ್ದೆ ಬರುತ್ತಿರಲಿಲ್ಲ. ಆ ನೋವು ಈಗ ಇಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದೆ ದೂರುಗಳೇ ಜಾಸ್ತಿ ಇವೆ.

ತೋಳಿನ ಬಗ್ಗೆ ತಕರಾರಿಲ್ಲ. ಇಷ್ಟು ದಿನದಲ್ಲಿ ಗ್ರಿಪ್ಪರ್ (ತೋಳಿನ ತುದಿಯಲ್ಲಿ ಪೀಸ್ ಹಿಡಿಯುವ ಭಾಗ) ಬೆರಳುಗಳನ್ನು ಎರಡು ಸಲ, ಒಂದು ಕೇಬಲ್ಲನ್ನು ಒಂದು ಸಲ ಬದಲಾಯಿಸಿದ್ದೇವೆ, ಅಷ್ಟೆ. ಕೊಳ್ಳುವವರು ಒಂದು ವಿಷಯ ನೆನಪಿಡಿ: 5 ಕೆಜಿ ಅಂದರೆ ಗ್ರಿಪ್ಪರ್ ತೂಕವೂ ಸೇರಿ. ನಮ್ಮ ಗ್ರಿಪ್ಪರ್ರೇ 1 ಕೆಜಿ ದಾಟುತ್ತದೆ.

ನನಗೆ ತುಂಬಾ ಇಷ್ಟವಾದದ್ದು ಪೆಂಡೆಂಟ್ (ಕೈಯಲ್ಲಿ ಹಿಡಿದು ತೋಳಿಗೆ ಕೆಲಸ ಕಲಿಸುವ ಫಲಕ) ಹಿಂದಿರುವ ಒಂದು ಸ್ವಿಚ್. ಹೊಸ ಪ್ರೋಗ್ರಾಂ ಕಲಿಸುವಾಗ ಅದನ್ನು ಅರ್ಧ ಒತ್ತಿ ಹಿಡಿದರೆ ಮಾತ್ರ ತೋಳು ಆಡುತ್ತದೆ. ಬಿಟ್ಟರೂ ನಿಲ್ಲುತ್ತದೆ, ಗಟ್ಟಿಯಾಗಿ ಹಿಸುಕಿದರೂ ನಿಲ್ಲುತ್ತದೆ. ಗಾಬರಿಯಾದಾಗ ಕೆಲವರು ಕೈಯಲ್ಲಿದ್ದದ್ದನ್ನು ಬಿಟ್ಟುಬಿಡುತ್ತಾರೆ, ಕೆಲವರ ಮುಷ್ಟಿ ತಾನಾಗೇ ಬಿಗಿಯಾಗುತ್ತದೆ. ಇಬ್ಬರನ್ನೂ ನೆನೆದು ಯಾರೋ ಈ ಸ್ವಿಚ್ ಮಾಡಿದ್ದಾರೆ. ಕೈ ಹೇಗೆ ನಡೆದುಕೊಳ್ಳುತ್ತದೆ ಅಂತ ಗೊತ್ತಿದ್ದವರು ಮಾಡಿದ ಕೆಲಸ ಅದು.

ಆದರೆ ತೋಳಿನ ಸುತ್ತಮುತ್ತ ಇಟ್ಟ ವಸ್ತುಗಳಲ್ಲಿ ಈ ಕಾಳಜಿ ಕಾಣಲಿಲ್ಲ.

ಟ್ರೇ ಸ್ಟ್ಯಾಂಡನ್ನೇ ನೋಡಿ. ತೋಳಿಗೆ ಸಲೀಸಾಗಿ ಎಟಕಲಿ ಅಂತ ಅದನ್ನು ಮೊಣಕಾಲಿಗಿಂತ ಸ್ವಲ್ಪ ಮೇಲೆ ಕೂರಿಸಿದ್ದರು. ಟ್ರೇ ತುಂಬುವವರು ನಾವು. ಪ್ರತಿ ಪೀಸಿಗೂ ಬಗ್ಗಬೇಕು. ಮಣಿಕಟ್ಟು ಬಿಟ್ಟ ನೋವು ಸೊಂಟಕ್ಕೆ ಬಂತು. ತೋಳಿಗೆ ಹೊಸ ಎತ್ತರ ಕಲಿಸಲು ಅರ್ಧ ದಿನ ಸಾಕು, ನಮ್ಮ ಬೆನ್ನಿಗೆ ಹಾಗೆ ಹೊಸದಾಗಿ ಕಲಿಸಲು ಆಗುತ್ತದಾ? ಸ್ಟ್ಯಾಂಡನ್ನು ಮೊಣಕೈಗಿಂತ ಕೊಂಚ ಕೆಳಗಿನ ಮಟ್ಟಕ್ಕೆ ಏರಿಸಿ ಅಂತ ಕೇಳಿದೆವು. ಒಪ್ಪಿಗೆ ಸಿಗಲು 8 ತಿಂಗಳು ಹಿಡಿಯಿತು. ಏರಿಸಲು ಹಿಡಿದದ್ದು ಒಂದು ಮಧ್ಯಾಹ್ನ.

ಇನ್ನೊಂದು ಘಟನೆ ಈಗಲೂ ಕಣ್ಣ ಮುಂದಿದೆ. ಮೊದಲ ವರ್ಷದ ಮಾತು. ತೋಳು ಅಲ್ಲಾಡದೆ ನಿಂತಿತ್ತು. ನಿಂತುಬಿಟ್ಟಿದೆ ಅಂದುಕೊಂಡು, ಓರೆಯಾಗಿದ್ದ ಪೀಸನ್ನು ಸರಿಮಾಡಲು ಕೈ ಚಾಚಿದೆ. ಅದು ನಿಂತಿರಲಿಲ್ಲ, ಲೇತ್ ಬಾಗಿಲು ತೆರೆಯುವ ಸಿಗ್ನಲ್‌ಗೆ ಕಾಯುತ್ತಿತ್ತು. ಬಾಗಿಲು ತೆರೆಯಿತು, ತೋಳು ಹೊರಟಿತು, ನನ್ನ ಮುಂಗೈಗೆ ತಾಗಿ ತಕ್ಷಣ ನಿಂತಿತು. ತೋಳು ತಾಗಿದ ಕಡೆ ಗುರುತೂ ಆಗಲಿಲ್ಲ. ಆದರೆ ಗ್ರಿಪ್ಪರ್ ಹಿಡಿದಿದ್ದ ಪೀಸಿನ ಅಂಚಿನ ಬರ್, ಅಂದರೆ ಕತ್ತರಿಸಿದಾಗ ಉಳಿಯುವ ಚೂಪು ಸಿಬರು, ಚರ್ಮ ಗೀರಿತ್ತು.

ಆಮೇಲೆ ಓದಿ ತಿಳಿದುಕೊಂಡೆ. ಅಂತರರಾಷ್ಟ್ರೀಯ ಮಾನದಂಡ ಸಂಸ್ಥೆ ಐಎಸ್ಒದಿಂದ 2016ರಲ್ಲಿ ಬಂದ ಐಎಸ್ಒ/ಟಿಎಸ್ 15066 ದಾಖಲೆಯಲ್ಲಿ, ದೇಹದ ಯಾವ ಭಾಗಕ್ಕೆ ರೋಬಾಟ್ ತಾಗಿದರೆ ಎಷ್ಟು ಬಲದವರೆಗೆ ಸರಿ ಅಂತ ಲೆಕ್ಕ ಕೊಟ್ಟಿದ್ದಾರೆ. ರೋಬಾಟ್ ಸುರಕ್ಷತೆಯ ಮಾನದಂಡ ಐಎಸ್ಒ 10218ರ 2025ರ ಹೊಸ ಆವೃತ್ತಿ ಅದನ್ನು ತನ್ನೊಳಗೇ ಸೇರಿಸಿಕೊಂಡಿದೆ. ತೋಳೊಂದನ್ನೇ ನೋಡಿದರೆ ಸಾಲದು. ಗ್ರಿಪ್ಪರ್, ಅದು ಹಿಡಿದ ವಸ್ತು, ಸುತ್ತಲಿನ ಜಾಗ ಎಲ್ಲವನ್ನೂ ಒಟ್ಟಿಗೆ ಪರೀಕ್ಷಿಸಬೇಕು. ನಮ್ಮಲ್ಲಿ ಹೊಂದಿಸಿಕೊಟ್ಟವರು 'ಇದು ಕೋಬಾಟ್, ಬೇಲಿ ಬೇಡ' ಅಂದಿದ್ದರು. ಚೂಪು ಅಂಚಿನ ಪೀಸ್ ಹಿಡಿದ ಕೋಬಾಟ್ ಬೇರೆಯೇ ಯಂತ್ರ.

ದೀಪದ್ದೂ ಇದೇ ಕಥೆ. ಇದ್ದದ್ದು ಹಸಿರು, ಕೆಂಪು ಎರಡೇ. 'ಕಾಯುತ್ತಿದ್ದೇನೆ' ಅನ್ನಲು ದೀಪವೇ ಇರಲಿಲ್ಲ. ನಮ್ಮ ಪಾಳಿಯ ಒಬ್ಬನಿಗೆ ಕೆಂಪು-ಹಸಿರು ವ್ಯತ್ಯಾಸ ಸರಿಯಾಗಿ ತಿಳಿಯುವುದಿಲ್ಲ. ಗಂಡಸರಲ್ಲಿ ಇದು ಅಪರೂಪವೇನಲ್ಲ. ಅವನು ಪಾಪ, ಪ್ರತಿ ಸಲ ಪರದೆ ಹತ್ತಿರ ಹೋಗಿ ಓದಿ ಬರುತ್ತಿದ್ದ. ಈಗ ಕಾಯುವಾಗ ಹಳದಿ ದೀಪ ನಿಧಾನವಾಗಿ ಮಿನುಗುತ್ತದೆ. ಕೆಂಪು ಮೇಲೆ, ಹಸಿರು ಕೆಳಗೆ. ಬಣ್ಣ ತಿಳಿಯದಿದ್ದರೂ ಜಾಗ ನೋಡಿ ಗೊತ್ತಾಗುತ್ತದೆ.

ಕೆಲಸದ ವೇಗದ ಬಗ್ಗೆಯೂ ಹೇಳಬೇಕು. ಮೊದಲು ಎರಡು ಪೀಸಿನ ನಡುವೆ ಉಸಿರಾಡಲು ಅರ್ಧ ನಿಮಿಷ ಸಿಗುತ್ತಿತ್ತು, ಅದು ನನ್ನ ಕೈಯಲ್ಲೇ ಇತ್ತು. ಈಗ ಟ್ರೇ ಖಾಲಿಯಾಗುವ ಹೊತ್ತಿಗೆ ನಾನು ಅಲ್ಲಿರಲೇಬೇಕು. ಒಂದೇ ಟ್ರೇ ಇದ್ದಾಗ ನಾನು ಯಂತ್ರದ ಹಿಂದೆ ಓಡುತ್ತಿದ್ದೆ. ಎರಡನೇ ಟ್ರೇ ಸೇರಿಸಿದ ಮೇಲೆ ಆ ಬಿಡುವು ವಾಪಸ್ ಸಿಕ್ಕಿತು.

ನನಗೆ ಇನ್ನೂ ಚಿಂತೆ ಇರುವುದು ಒಂದೇ ವಿಷಯಕ್ಕೆ. ಯಂತ್ರ ಎಲ್ಲ ಮಾಡಿಕೊಂಡು ಹೋಗುವಾಗ ನಾವು ಸುಮ್ನೆ ನೋಡುತ್ತಿರುತ್ತೇವೆ. ಕೆಟ್ಟಾಗ ಮಾತ್ರ, ಅದೂ ಕಷ್ಟದ ಹೊತ್ತಲ್ಲೇ, ನಮ್ಮನ್ನು ಕರೆಯುತ್ತಾರೆ. ಅಷ್ಟರಲ್ಲಿ ಕೈಯ ಅಭ್ಯಾಸ ತಪ್ಪಿರುತ್ತದೆ. ಲಿಸಾನ್ ಬೇನ್‌ಬ್ರಿಡ್ಜ್ ಎಂಬ ಮನಶ್ಶಾಸ್ತ್ರಜ್ಞೆ 1983ರಲ್ಲೇ ಈ ಸಮಸ್ಯೆಯನ್ನು ಎತ್ತಿ ತೋರಿಸಿದ್ದರು. ಕಳೆದ ವರ್ಷ ಕೋಬಾಟ್ ಎರಡು ದಿನ ನಿಂತಾಗ, ನಮ್ಮ ಹೊಸ ಹುಡುಗನಿಗೆ ಪೀಸ್ ಚಕ್‌ನಲ್ಲಿ ಸರಿಯಾಗಿ ಕೂತಿದೆಯಾ ಅಂತ ಬೆರಳಿಂದ ಹೇಳಲು ಬರಲಿಲ್ಲ. ಅವನ ತಪ್ಪಲ್ಲ, ಅವನಿಗೆ ಯಾರೂ ಅವಕಾಶವನ್ನೇ ಕೊಟ್ಟಿರಲಿಲ್ಲ. ಈಗ ವಾರಕ್ಕೊಂದು ಗಂಟೆ ತೋಳು ನಿಲ್ಲಿಸಿ ಕೈಯಲ್ಲೇ ಹಾಕುತ್ತೇವೆ. ಉತ್ಪಾದನೆ ಸ್ವಲ್ಪ ಕಡಿಮೆಯಾಗುತ್ತದೆ, ಆಗಲಿ.

ತೋಳಿಗೆ ನಾನು 5ರಲ್ಲಿ 4.5 ಕೊಡುತ್ತೇನೆ. ಮೊದಲ ವರ್ಷ ಅದನ್ನು ಕೂರಿಸಿದ್ದ ರೀತಿಗೆ 2.

ಮುಂದಿನ ತಿಂಗಳು ಎರಡನೆಯದು ಬರುತ್ತಿದೆ. ಈ ಸಲ ಆರ್ಡರ್ ಮಾಡುವ ಮೊದಲೇ ಕಾರ್ಡ್‌ಬೋರ್ಡ್‌ನಲ್ಲಿ ಸ್ಟ್ಯಾಂಡ್, ಪರದೆ, ಟ್ರೇ ಎಲ್ಲ ಮಾಡಿ ಜಾಗದಲ್ಲಿ ಇಟ್ಟು, ಮೂರೂ ಪಾಳಿಯವರಿಗೆ ಓಡಾಡಿ ನೋಡಿ ಅಂದರು. ಟ್ರಾಲಿ ತಿರುಗಿಸಲು ಜಾಗ ಸಾಲುವುದಿಲ್ಲ ಅಂತ ರಾತ್ರಿ ಪಾಳಿಯವಳು ಮೊದಲ ದಿನವೇ ಹೇಳಿದಳು. ಇಬ್ಬರು ಸೇರಿ ಕಾರ್ಡ್‌ಬೋರ್ಡನ್ನು ಅರ್ಧ ಅಡಿ ಹಿಂದಕ್ಕೆ ಸರಿಸಿದೆವು, ಒಂದು ನಿಮಿಷವೂ ಹಿಡಿಯಲಿಲ್ಲ.