ವಚನ ಓದಲು ದ್ವಿಭಾಷಾ ಪುಸ್ತಕವೋ, ಬೇರೆ ಬೇರೆ ಪುಸ್ತಕಗಳೋ?

ಪುಸ್ತಕ ವಿಮರ್ಶೆ ನನ್ನ ಕೆಲಸ. ಆದರೆ ಇಲ್ಲಿ ಹೇಳುತ್ತಿರುವುದು ರಾತ್ರಿ ಊಟವಾದ ಮೇಲೆ ಅಕ್ಕನ ಮಗಳ ಜೊತೆ ಓದುವ ವಚನಗಳ ಬಗ್ಗೆ. ಅವಳು ಕನ್ನಡ ಚೆನ್ನಾಗಿ ಮಾತಾಡುತ್ತಾಳೆ, ಓದಲು ಬರುವುದಿಲ್ಲ. ಅವಳಿಗೆಂದೇ ಎಡಗಡೆ ಕನ್ನಡ, ಬಲಗಡೆ ಇಂಗ್ಲಿಷ್ ಇರುವ ದಪ್ಪ ಪುಸ್ತಕ ಕೊಂಡೆ. ಅದೀಗ ಕಪಾಟು ಸೇರಿದೆ. ಮೇಜಿನ ಮೇಲೆ ಉಳಿದಿರುವುದು ಎ. ಕೆ. ರಾಮಾನುಜನ್ ಅವರು ವಚನಗಳನ್ನು ಇಂಗ್ಲಿಷಿಗೆ ಅನುವಾದಿಸಿದ 1973ರ ‘ಸ್ಪೀಕಿಂಗ್ ಆಫ್ ಶಿವ’, ಅದರ ಪಕ್ಕಕ್ಕೆ ಕನ್ನಡದ ವಚನ ಸಂಪುಟ.

ದ್ವಿಭಾಷಾ ಪುಸ್ತಕ ತೆರೆದರೆ ನನ್ನ ಕಣ್ಣು ಸುಮ್ನೆ ಇರುವುದಿಲ್ಲ. ಸಾಲು ಸಾಲಿಗೂ ಎಡಕ್ಕೊಮ್ಮೆ ಬಲಕ್ಕೊಮ್ಮೆ ಓಡುತ್ತದೆ, ಉತ್ತರಪತ್ರಿಕೆ ತಿದ್ದಿದ ಹಾಗೆ. ಎರಡು ಪುಸ್ತಕವಿದ್ದರೆ ಅವಳು ಇಂಗ್ಲಿಷ್ ಓದುತ್ತಾಳೆ, ನಾನು ಕೇಳುತ್ತೇನೆ. ಆಮೇಲೆ ನಾನು ಕನ್ನಡ ಓದುತ್ತೇನೆ, ಅವಳು ಕೇಳುತ್ತಾಳೆ. ಬಸವಣ್ಣನವರ ‘ಉಳ್ಳವರು ಶಿವಾಲಯವ ಮಾಡಿಹರು’ ಓದಿದ ದಿನ ಅವಳು ಕೇಳಿದಳು: “ಚಿಕ್ಕಮ್ಮ, ಬಾಡಿಗೆ ಮನೆಯಲ್ಲಿ ಇರೋರಿಗೂ ಇದು ಅನ್ವಯಿಸುತ್ತೆ ಅಲ್ವಾ?” ನಾವಿರುವುದೂ ಬಾಡಿಗೆ ಮನೆಯಲ್ಲೇ. ಆ ರಾತ್ರಿ ಮುಂದಿನ ವಚನಕ್ಕೆ ಹೋಗಲೇ ಇಲ್ಲ.

ಒಂದೇ ಒಂದು ತೊಂದರೆ: ಇಂಗ್ಲಿಷ್ ವಚನದ ಕನ್ನಡ ಮೂಲ ಹುಡುಕುವುದು. ರಾಮಾನುಜನ್ ಪ್ರತಿ ವಚನಕ್ಕೂ ಸಂಖ್ಯೆ ಕೊಟ್ಟಿದ್ದಾರೆ. ಅದು ಅವರು ಬಳಸಿದ ಕನ್ನಡ ಆವೃತ್ತಿಯ ಸಂಖ್ಯೆ. ನಿಮ್ಮ ಮನೆಯಲ್ಲಿರುವುದು ಬೇರೆ ಆವೃತ್ತಿಯಾದರೆ ಅಂಕಿಗಳು ಹಿಂದೆಮುಂದೆ ಆಗುತ್ತವೆ.

ಕನ್ನಡ ಸಂಪುಟದ ಕೊನೆಯಲ್ಲಿ ವಚನಗಳ ಅಕಾರಾದಿ ಪಟ್ಟಿ ಇರುತ್ತದೆ ನಿಜ. ಆದರೆ ಮೊದಲ ಸಾಲು ಗೊತ್ತಿದ್ದರೆ ಮಾತ್ರ ಅದು ಉಪಯೋಗ. ಬಸವಣ್ಣ, ಅಕ್ಕಮಹಾದೇವಿ ಆದರೆ ಹೇಗೋ ನೆನಪಾಗುತ್ತದೆ. ದೇವರ ದಾಸಿಮಯ್ಯನವರದು ಸ್ವಲ್ಪ ಕಷ್ಟ. ಅಲ್ಲಮನ ಒಗಟಿನಂಥ ಬೆಡಗಿನ ವಚನಗಳಲ್ಲಂತೂ ಇಂಗ್ಲಿಷಿನಿಂದ ಕನ್ನಡದ ಮೊದಲ ಸಾಲು ಊಹಿಸಲು ಹೋಗಿ ಎಷ್ಟೋ ಸಲ ಅರ್ಧ ಗಂಟೆ ಕಳೆದಿದೆ. ಅಷ್ಟರಲ್ಲಿ ಹುಡುಗಿಗೆ ನಿದ್ದೆ. ಈಗ ಸಿಕ್ಕಿದ ವಚನದ ಮೊದಲ ಸಾಲನ್ನು ಇಂಗ್ಲಿಷ್ ಪುಟದ ಅಂಚಿನಲ್ಲಿ ಪೆನ್ಸಿಲ್‌ನಿಂದ ಬರೆದಿಡುತ್ತೇನೆ.

ಮೊಬೈಲ್‌ನಲ್ಲಿ ಹುಡುಕಬಹುದು, ಆದರೆ ಅಲ್ಲಿ ಸಿಗುವ ವಚನಗಳಲ್ಲಿ ತಪ್ಪು ಜಾಸ್ತಿ.

ಕನ್ನಡ ಓದುವವರು ಯಾರೂ ಮನೆಯಲ್ಲಿ ಇಲ್ಲದಿದ್ದರೆ, ಅಥವಾ ತರಗತಿಗೆ ಪಾಠ ಮಾಡುವುದಿದ್ದರೆ ದ್ವಿಭಾಷಾ ಪುಸ್ತಕವೇ ಸರಿ. ನನ್ನ ಬಳಿ ಕನ್ನಡ ಸಂಪುಟ ಮೊದಲೇ ಇತ್ತು, ರಾಮಾನುಜನ್ ಪುಸ್ತಕದ ಹಳೆಯ ಪ್ರತಿ ಅಗ್ಗಕ್ಕೆ ಸಿಕ್ಕಿತು. ಎರಡೂ ಸೇರಿ ಆ ದಪ್ಪ ಪುಸ್ತಕಕ್ಕಿಂತ ಕಡಿಮೆ ಖರ್ಚು. ನಾಳೆ ಯಾರಾದರೂ ಕೇಳಿದರೂ ಇದೇ ಜೋಡಿಯನ್ನು ಕೊಳ್ಳಿ ಅನ್ನುತ್ತೇನೆ, ಜೊತೆಗೊಂದು ಪೆನ್ಸಿಲ್.